ಕೂಡಿಟ್ಟ ಹಿಟ್ಟು

ಸಿಂದಗಿಯ ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಸ್ತೂರೆವ್ವನ ಖಾನಾವಳಿಗೆ ಫಲಕವಿರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಹಿಡಿದು ನಡೆದರೆ ಬಾಗಿಲು ಸಿಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ದೇವಣಗಾಂವದ ತವರಿಗೆ ಹೋಗಿ ಅಣ್ಣಂದಿರ ಕೈನೋಡುತ್ತ ಕೂಡಲು ಮನಸ್ಸಾಗದೆ, ಪಡಸಾಲೆಯಲ್ಲಿ ನಾಲ್ಕು ಮಣೆ ಹಾಕಿ ಊಟಕ್ಕಿಡಲು ಶುರು ಮಾಡಿದವಳು ಅವಳು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆ ಒಲೆ ಹೊತ್ತಿಸುವಳು. ಹಸಿದು ಬಂದವರನ್ನು ಹಾಗೇ ಕಳಿಸಿದರೆ ಆ ಪೂಜೆ ಯಾತಕ್ಕೆ ಬಂತು ಎನ್ನುವುದು ಅವಳ ಲೆಕ್ಕ. ಇಷ್ಟು ವರ್ಷಗಳಲ್ಲಿ "ರೊಟ್ಟಿ ಇಲ್ಲ" ಎಂಬ ಮಾತು ಆ ಮನೆಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ.

ಜೋಳ ಬೀಸಲು ಓಣಿಯ ತುದಿಯಲ್ಲಿ ದಾವಲಮಲಿಕನ ಡೀಸೆಲ್ ಗಿರಣಿ ಇತ್ತು. ಅದು ಬಂದ ಮೇಲೆ ಹೆಂಗಸರು ಬೀಸುಕಲ್ಲಿನ ಗೂಟ ಬಿಟ್ಟರು. ಒಬ್ಬರ ಮನೆಯಲ್ಲಿ ಕಲ್ಲು ಬಚ್ಚಲು ಸೇರಿತು, ಇನ್ನೊಬ್ಬರ ಮನೆಯಲ್ಲಿ ದನದ ಕೊಟ್ಟಿಗೆ ಸೇರಿತು. ಕಸ್ತೂರೆವ್ವನದು ಹಿತ್ತಲ ಗೋಡೆಗೆ ಆತುಕೊಂಡು ನಿಂತಿತ್ತು. ಮದುವೆ ಬಂದರೆ ಓಣಿಯವರು ಅದಕ್ಕೆ ಅರಿಸಿನ ಕೊಂಬು ಕಟ್ಟಿ ಪೂಜೆ ಮಾಡಿ, ಒಂದು ಹಿಡಿ ಕಾಳು ಬೀಸಿದಂತೆ ಮಾಡಿ, ಮರಳಿ ಅಲ್ಲೇ ಇಟ್ಟು ಹೋಗುತ್ತಿದ್ದರು.

ಎಪ್ಪತ್ತನಾಲ್ಕರ ಸುಗ್ಗಿ ಮುಗಿದ ದಿನಗಳು. ಮಧ್ಯಾಹ್ನ ಉಣ್ಣಲು ಬರುತ್ತಿದ್ದ ಗುಮಾಸ್ತ ಬಸಂತರಾಯ ಪತ್ರಿಕೆ ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡು, "ಕೇಳೀರೇನು ಕಸ್ತೂರಕ್ಕಾರ? ಅರಬಸ್ತಾನದವ್ರು ಎಣ್ಣಿ ಬಿಗಿಹಿಡದಾರ. ಕೊಟ್ರೂ ನಾಕ್‌ಪಟ್ಟು ರೊಕ್ಕ ಕೇಳಾಕತ್ತಾರ" ಎಂದ.

"ಯಾರ ಮ್ಯಾಲ ಸಿಟ್ಟಾಗ್ಯಾರ್ರಿ?"

"ಇಸ್ರೇಲದ ಮ್ಯಾಲ. ಅದರ ಬೆನ್ನಿಗೆ ನಿಂತ ಅಮೆರಿಕಾದ ಮ್ಯಾಲ."

"ಅವರವರ ಜಗಳದಾಗ ನಮ್ಮ ದಾವಲಮಲಿಕ ಏನ್ ಮಾಡಿದ್ನ್ರಿ? ಮೂರು ದಿನಾ ಆತು, ಒಪ್ಪತ್ತ ಗಿರಣಿ ಹಚ್ಚಾಕತ್ತಾನ."

"ದೊಡ್ಡ ಮಂದಿ ಕುಸ್ತಿ ಹಿಡದ್ರ ನೋಡೂ ಮಂದಿ ಮ್ಯಾಲೂ ಬೀಳ್ತಾರ್ರಿ. ಚಟ್ನಿ ಹಾಕ್ರಿ ಇಷ್ಟು."

ಅವನು ಉಂಡು ಎದ್ದು ಹೋದ. ಆ ಮಾತು ಮಾತ್ರ ಎದ್ದು ಹೋಗಲಿಲ್ಲ. ಅರಬಸ್ತಾನ ಎಲ್ಲಿದೆಯೋ ಕಸ್ತೂರೆವ್ವನಿಗೆ ಗೊತ್ತಿರಲಿಲ್ಲ. ಆದರೆ ಗಿರಣಿ ನಿಂತರೆ ತನ್ನ ಪಡಸಾಲೆಯಲ್ಲಿ ಜನ ಬರಿ ತಾಟಿನ ಮುಂದೆ ಕೂತಿರುವುದು ಕಣ್ಣಿಗೆ ಕಟ್ಟಿದಂತೆ ಕಾಣತೊಡಗಿತು. ಸಂಜೆ ಗಿರಣಿಗೆ ಹೋದಳು.

"ಬ್ಯಾರಲ್ ತಳಾ ಕಂಡೈತಿ ಅಕ್ಕಾ," ಎಂದ ದಾವಲಮಲಿಕ. "ತಾಳಿಕೋಟಿ ತನಕಾ ಹೋಗಿ ಬರಿಗೈಲೆ ಬಂದೇನಿ. ಉಳದದ್ದರಾಗ ಮನಿಗೊಂದು ಬುಟ್ಟಿಯಂಗ ಬೀಸಿ ಕೊಡಬೇಕಂತ ಮಾಡೇನಿ."

"ನಂದು ಮನಿ ಅಲ್ಲೋ ತಮ್ಮಾ, ಖಾನಾವಳಿ. ಒಂದು ಬುಟ್ಟಿ ನನಗ ಯಾವ ಮೂಲಿಗೆ ಸಾಲ್ತೈತಿ? ನಾಕ್ ಚೀಲ ಬೀಸಿಬಿಡು. ಮುಂದ ಏನರ ಆಗ್ಲಿ."

ಅವನು ತಲೆ ಕೆರೆದುಕೊಂಡ. ಹೆಂಡತಿ ಅಮೀನಾಬಿ ಬಾಣಂತಿಯಾಗಿ ಮಲಗಿದ್ದಾಗ ಈ ಅಕ್ಕನ ಮನೆಯಿಂದಲೇ ಎರಡು ಹೊತ್ತು ಬುತ್ತಿ ಬರುತ್ತಿತ್ತು. ಒಲ್ಲೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಮರುದಿನ ಬೆಳಗಿನಿಂದ ಗಿರಣಿ ಕಸ್ತೂರೆವ್ವನೊಬ್ಬಳಿಗಾಗಿಯೇ ತಿರುಗಿತು. ನಾಲ್ಕನೆಯ ಚೀಲದ ಬಾಯಿ ಕಟ್ಟುವಷ್ಟರಲ್ಲಿ ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಿಂದೆ ಬುಟ್ಟಿ ಹೊತ್ತು ನಿಂತಿದ್ದವಳು ಲಕ್ಕವ್ವ. ಅವಳ ಗಂಡ ಅಮಸಿದ್ದ ಕುರಿ ಹಿಂಡಿನೊಡನೆ ಡೋಣಿ ಹೊಳೆಯ ದಂಡೆಯಲ್ಲಿದ್ದ. ಅವನಿಗೆ ಬುತ್ತಿ ಕಟ್ಟಲು ಹಿಟ್ಟು ಬೇಕಿತ್ತು.

"ಅಣ್ಣಾ, ನಂದೊಂದ ಬುಟ್ಟಿ."

"ಎಣ್ಣಿ ತೀರ್ತವ್ವಾ."

ಲಕ್ಕವ್ವ ಸಾಲಾಗಿ ನಿಂತ ಚೀಲಗಳನ್ನು ನೋಡಿದಳು, ಆಮೇಲೆ ಕಸ್ತೂರೆವ್ವನನ್ನು ನೋಡಿದಳು. "ಸಾವ್ಕಾರ್ತಿ ಆದಿ ಬಿಡಬೇ ಯಕ್ಕಾ," ಎಂದು ಬುಟ್ಟಿ ಹೊತ್ತುಕೊಂಡು ತಿರುಗಿದಳು. ಅವಳ ಹಿಂದೆ ನಿಂತಿದ್ದವರೂ ಒಬ್ಬೊಬ್ಬರಾಗಿ ತಿರುಗಿದರು.

ಜೋಳದ ಹಿಟ್ಟು ಬಹಳ ದಿನ ತಾಳುವುದಿಲ್ಲ. ಹಳೆಯದಾದಂತೆ ಅದರ ಜಿಗಿ ಹೋಗುತ್ತದೆ. ಅಂಟು ಹಿಡಿಯದ ಹಿಟ್ಟನ್ನು ಎಷ್ಟು ನಾದಿದರೂ ರೊಟ್ಟಿ ಏಳುವುದಿಲ್ಲ. ಇದು ರೊಟ್ಟಿ ಬಡಿಯುವ ಯಾವ ಹೆಣ್ಣಿಗೆ ತಿಳಿಯದ್ದು? ಕಸ್ತೂರೆವ್ವನಿಗೂ ತಿಳಿದಿತ್ತು. ಹೆದರಿದ ದಿನ ಮಾತ್ರ ಅದು ನೆನಪಾಗಲಿಲ್ಲ. ದಿನಗಳು ಉರುಳಿ ಬೇಸಗೆಯ ಬಿಸಿಲು ಏರಿತು, ಗಿರಣಿಗೆ ಎಣ್ಣೆ ಬರಲೇ ಇಲ್ಲ. ಮೊದಲ ಚೀಲ ಹೇಗೋ ಸಾಗಿತು. ಎರಡನೆಯದನ್ನು ಬಿಚ್ಚಿದಾಗ ಕಮಟು ವಾಸನೆ ಮುಖಕ್ಕೆ ಬಡಿಯಿತು. ಎಸರು ಕುದಿಸಿ ಹೊಯ್ದಳು, ಗೋಧಿ ಹಿಟ್ಟು ಬೆರೆಸಿದಳು. ಹಂಚಿನ ಮೇಲೆ ಹಾಕಿದ ರೊಟ್ಟಿ ಬಿರುಕು ಬಿಟ್ಟು ತುಂಡಾಯಿತು.

"ಅಕ್ಕಾರ, ತಾಟಿನಾಗ ಭೂಪಟ ಬಡಿಸೀರಲ್ರಿ," ಎಂದ ಬಸಂತರಾಯ. "ಇದರಾಗ ಅರಬಸ್ತಾನ ಯಾವದು, ಅಮೆರಿಕಾ ಯಾವದು?"

ಉಣ್ಣುತ್ತಿದ್ದ ಲಾರಿಯವರು ನಕ್ಕರು. ಕಸ್ತೂರೆವ್ವನೂ ನಕ್ಕಳು. ತಾಟು ಎತ್ತುವಾಗ ನೋಡಿದರೆ ಎಲ್ಲರೂ ಅರ್ಧಕ್ಕೇ ಬಿಟ್ಟಿದ್ದರು. ಎರಡು ದಿನ ಕಳೆಯುವಷ್ಟರಲ್ಲಿ ಲಾರಿಯವರು ಬರುವುದೂ ನಿಂತಿತು.

ಅದರ ಮರುದಿನ ಬೆಳಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ದೃಷ್ಟಿ ನಿಲ್ಲಲಿಲ್ಲ. ಯಾರೂ ಹಸಿದು ಹೋಗಬಾರದೆಂದು ತಾನು ಹಿಟ್ಟು ಕೂಡಿಟ್ಟದ್ದು ನಿಜವೇ. ಹಾಗೆ ಕೂಡಿಡುವಾಗ ಇಡೀ ಓಣಿಯನ್ನು ಹಿಟ್ಟಿಲ್ಲದೆ ಕಳಿಸಿದ್ದೂ ನಿಜವೇ. ಹೊರಗಿನವರಿಗೆ ಉಣ್ಣಿಸುತ್ತೇನೆಂದು ಪಕ್ಕದ ಮನೆಯ ಒಲೆ ಆರಿಸಿದ್ದೆ ಎನಿಸಿತು. ಅವಳು ಲಿಂಗವನ್ನು ಕರಡಿಗೆಯಲ್ಲಿಟ್ಟು ಎದ್ದಳು. ಆ ದಿನ ಒಲೆ ಹೊತ್ತಿಸಲಿಲ್ಲ. ಕಮಟು ಹಿಟ್ಟನ್ನು ದನದ ಬಾನಿಗೆ ಹಾಕಲು ಬೇರೆ ತೆಗೆದಿಟ್ಟಳು. ಒಡ್ಡರ ಓಣಿಯಿಂದ ಆಳು ಕರೆಸಿ ಬೀಸುಕಲ್ಲನ್ನು ಪಡಸಾಲೆಗೆ ಉರುಳಿಸಿ, ಸವೆದ ಮೈಗೆ ಉಳಿಯಿಂದ ಕಚ್ಚು ಹೊಡೆಸಿದಳು. ಆಮೇಲೆ ಲಕ್ಕವ್ವನ ಮನೆಗೆ ಹೋದಳು.

ಲಕ್ಕವ್ವ ಮಕ್ಕಳ ಮುಂದೆ ಜೋಳದ ಗುಗ್ಗರಿ ಇಟ್ಟು ಕೂತಿದ್ದಳು. ಏಳಲಿಲ್ಲ.

"ಕಲ್ಲಿಗೆ ಕಚ್ಚು ಹೊಡಿಸೇನಿ," ಎಂದಳು ಕಸ್ತೂರೆವ್ವ. "ಬೀಸಾಕ ಇಬ್ಬರು ಬೇಕು."

"ಆಳು ಬೇಕಾಗಿತ್ತೇನು? ಕೂಲಿ ಎಷ್ಟು ಕೊಡ್ತಿ?"

"ಆಳಲ್ಲ ಲಕ್ಕವ್ವಾ. ನಿನ್ನ ಜ್ವಾಳ ತಗೊಂಡ ಬಾ. ಮೊದಲ ನಿಂದು ಬೀಸೂನು."

"ನಂದು ಮುಗಿದಕೂಡ್ಲೆ ಎದ್ದು ಹೋದ್ರ?"

"ಹೋಗು. ಯಾರು ಬ್ಯಾಡ ಅಂತಾರ?"

ಇಬ್ಬರೂ ಎದುರುಬದುರು ಕಾಲು ಚಾಚಿ ಕೂತು ಒಂದೇ ಗೂಟಕ್ಕೆ ಕೈ ಹಾಕಿದರು. ಕೈಗೆ ಅಭ್ಯಾಸ ತಪ್ಪಿತ್ತು. ಒಬ್ಬಳು ಎಳೆದರೆ ಇನ್ನೊಬ್ಬಳು ನೂಕದೆ ಕಲ್ಲು ತಡೆದು ತಡೆದು ತಿರುಗಿತು. ಹಿಟ್ಟು ಸುರಿಯತೊಡಗಿದಾಗ ಊಟದ ಹೊತ್ತು. ಬಸಂತರಾಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಇಣುಕಿದ.

ಕಸ್ತೂರೆವ್ವ ಗೂಟ ಬಿಡಲಿಲ್ಲ. "ಇವತ್ತ ರೊಟ್ಟಿ ಇಲ್ರಿ," ಎಂದಳು.

ಹೇಳಿ ಮುಗಿಸಿದ ಮೇಲೆ ಅವಳೇ ಒಂದು ಕ್ಷಣ ಕಾದಳು. ಏನೂ ಆಗಲಿಲ್ಲ. ಬಸಂತರಾಯ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಅಡ್ಡಿ ಇಲ್ಲ, ಬಾಳಿಹಣ್ಣ ತಿಂತೇನಿ. ಸಂಜಿಗೆ ಬರ್ಲೇನ್ರಿ?" ಎಂದ.

"ಬರ್ರಿ. ಖಾತ್ರಿ ಹೇಳಾಕ ಬರೂದಿಲ್ಲ."

ಲಕ್ಕವ್ವನ ಬುಟ್ಟಿ ತುಂಬಿತು. ಅವಳು ಸೆರಗಿನಿಂದ ಹಿಟ್ಟು ಮುಚ್ಚಿಕೊಂಡು, ಹೇಳಿದಂತೆಯೇ ಎದ್ದು ಹೋದಳು. ಕಸ್ತೂರೆವ್ವ ತನ್ನ ಜೋಳ ಸುರಿದುಕೊಂಡು ಒಬ್ಬಳೇ ತಿರುಗಿಸಿದಳು. ಕಲ್ಲು ಅರ್ಧ ಸುತ್ತು ಬಂದು ನಿಲ್ಲುತ್ತಿತ್ತು, ಮತ್ತೆ ನೂಕಬೇಕಾಗುತ್ತಿತ್ತು. ಅಂಗೈಯಲ್ಲಿ ಬೊಬ್ಬೆಗಳೆದ್ದವು. ಆದರೂ ಬಹಳ ದಿನಗಳ ಮೇಲೆ ಎದೆಯೊಳಗೆ ಹಗುರವೆನಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಲಕ್ಕವ್ವ ಮತ್ತೆ ಬಂದಳು. ಗಂಡನ ಬುತ್ತಿ ಕಟ್ಟಿ ಕಳಿಸಿದ್ದಳು. ಹಿಂದೆ ಅಮೀನಾಬಿ ಬುಟ್ಟಿ ಹೊತ್ತು ನಿಂತಿದ್ದಳು. ಗಿರಣಿಯವನ ಮನೆಯಲ್ಲೂ ಹಿಟ್ಟಿರಲಿಲ್ಲ.

"ಸರಿ ಆ ಕಡೆ," ಎಂದು ಲಕ್ಕವ್ವ ಎದುರಿಗೆ ಕೂತಳು. "ಈಗ ಅಮೀನಾಬಿದು. ನಾಳಿ ಮಗ್ಗಲ ಮನಿ ಹುಲಿಗೆವ್ವಂದು. ನಿಂದು ಯಾವಾಗಲೂ ಕಡೀಕ, ಹೇಳಿರ್ತೇನಿ."

"ಆಗ್ಲವ್ವಾ," ಎಂದು ಕಸ್ತೂರೆವ್ವ ತನ್ನ ಕಾಳನ್ನು ಮೊರಕ್ಕೆ ಬಳಿದು ಪಕ್ಕಕ್ಕಿಟ್ಟು, ಅಮೀನಾಬಿಯ ಬುಟ್ಟಿಗೆ ಕೈ ಚಾಚಿದಳು.