ಬೆನ್ನು ತಿರುಗಿಸಿ ಹೇಳಿದ ಪಾಲು

ಆದದ್ದಾಯಿತು, ಮರೆತುಬಿಡು ಎಂದು ನನಗೆ ಬುದ್ಧಿ ಹೇಳುವವರು ಆ ಬೇಸಿಗೆಯಲ್ಲಿ ನಮ್ಮ ಕೆರೆಯ ಏರಿಯ ಮೇಲೆ ಒಂದು ದಿನ ನಿಂತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಕೊಳೆತ ಮೀನಿನ ನಾತ ಈಗಲೂ ನನ್ನ ಮೂಗಿನಲ್ಲಿದೆ. ಸಿಟ್ಟೂ ಹಾಗೆಯೇ ಇದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಹಾನಗಲ್ಲ ತಾಲ್ಲೂಕಿನ ನಮ್ಮೂರಲ್ಲಿ ಬಲೆ ಹಾಕುವ ಮನೆಗಳು ಹನ್ನೊಂದು, ಅದರಲ್ಲಿ ನಮ್ಮದೂ ಒಂದು. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಎಲ್ಲರೂ ಕೂಡಿ ಬಲೆ ಎಳೆಯುತ್ತಿದ್ದರು. ದೊಡ್ಡ ಮೀನನ್ನು ಹನ್ನೊಂದು ಪಾಲು ಮಾಡಿ ನೆಲದ ಮೇಲೆ ಸಾಲಾಗಿ ಇಡುತ್ತಿದ್ದರು. ಒಬ್ಬರು ಅದಕ್ಕೆ ಬೆನ್ನು ತಿರುಗಿಸಿ ನಿಲ್ಲಬೇಕು. ತಂಡದ ಯಜಮಾನ ಒಂದು ಪಾಲಿನ ಮುಂದೆ ಕೋಲು ಬಡಿದು "ಇದು ಯಾರಿಗೆ?" ಎಂದು ಕೇಳುತ್ತಾನೆ. ನಿಂತವರು ನೋಡದೆ ಒಂದು ಮನೆ ಹೇಳುತ್ತಾರೆ. ಹೇಳಿದರೆ ಮುಗಿಯಿತು, ಅದು ಅವರದೇ. ಸವಣೂರಿನ ವ್ಯಾಪಾರಿ ಬಂದು ಕೊಂಡು, ಐಸ್ ತುಂಬಿ, ಯಲವಿಗಿ ಸ್ಟೇಷನ್ನಿಗೆ ಸಾಗಿಸುತ್ತಿದ್ದ. ಸಣ್ಣ ಮೀನು ಅವನಿಗೆ ಬೇಡ. ಅದನ್ನೆಲ್ಲ ಏರಿಯ ಮೇಲೆ ಸುರಿದುಬಿಡುತ್ತಿದ್ದರು.

ಅಪ್ಪ ತೀರಿಕೊಂಡ ವರ್ಷವೂ ಪಾಲು ಹನ್ನೊಂದೇ ಆದವು. ಆದರೆ ಬೆನ್ನು ತಿರುಗಿಸಿ ನಿಂತವನು ಯಜಮಾನನ ಅಕ್ಕನ ಮಗ. ಅವನು ಮಾವನ ಹೆಸರನ್ನು ಎರಡು ಸಲ ಹೇಳಿದ, ನಮ್ಮ ಮನೆಯನ್ನು ಹೇಳಲೇ ಇಲ್ಲ.

ಮನೆಯಲ್ಲಿ ಉಳಿದಿದ್ದವರು ಅವ್ವ ಮತ್ತು ಮಗಳಾದ ನಾನು. ಅವ್ವ ಹೋಗಿ ಕೇಳಿದಳು.

"ನೀರಿಗಿಳಿಯೋ ಗಂಡಾಳ ಇಲ್ಲದ ಮನಿಗೆ ಎಂಥಾ ಪಾಲು?" ಎಂದ ಯಜಮಾನ. "ಬಾಯಾಗ ಬಂದ ಹೆಸರು ವಾಪಸ್ ಹೋಗಂಗಿಲ್ಲ."

"ಹಂಗಾರ ಆ ಸಣ್ಣ ಮೀನರೆ ಆರಿಸ್ಕೋತೇವ್ರಿ. ಒಣಗಿಸಿದ್ರ ಮಳಿಗಾಲಕ್ಕಾಗ್ತಾವ."

"ಇವತ್ತ ಸಣ್ಣವು ಅಂತೀರಿ. ನಾಳೆ ಬುಟ್ಟ್ಯಾಗ ದೊಡ್ಡವು ಬರ್ತಾವ."

ಅಷ್ಟಕ್ಕೇ ಬಿಡಲಿಲ್ಲ. ಅವ್ವನ ಕಣ್ಣೆದುರೇ ಆ ಮೀನನ್ನೆಲ್ಲ ಕೆಸರಿನಲ್ಲಿ ತುಳಿಸಿದ. ಯಾರ ಹೊಟ್ಟೆಗೂ ಹೋಗದೆ ಅವು ಒಂದು ವಾರ ನಾರಿದವು. ಅವ್ವ ಆ ದಾರಿ ಬಿಟ್ಟು ಸುತ್ತುಹಾಕಿಕೊಂಡು ನೀರಿಗೆ ಹೋಗುತ್ತಿದ್ದಳು.

ಮರುವರ್ಷ ಉಳಿದವರಿಗೂ ಯಜಮಾನನ ಮೇಲೆ ನಂಬಿಕೆ ಹೋಗಿತ್ತು. ಪಾಲಿಲ್ಲದವರೇ ಬೆನ್ನು ತಿರುಗಿಸಿ ನಿಲ್ಲಲಿ ಎಂದು ಹಟ ಹಿಡಿದರು. ಹನ್ನೊಂದು ಮನೆಗಳಲ್ಲಿ ಪಾಲಿಲ್ಲದ ಮನೆ ಒಂದೇ, ನಮ್ಮದು. ಇಪ್ಪತ್ತು ವರ್ಷದ ನನ್ನನ್ನು ಕರೆಸಿದರು. ಯಜಮಾನ ಮೊದಲೇ ನಮ್ಮ ಮನೆಗೆ ಬಂದು ಹೋಗಿದ್ದ.

"ಕೋಲು ಜೋಡಿ ಬಡದಾಗ ನನ್ನ ಹೆಸರ ಹೇಳವಾ. ಎರಡ ಸಲ ಹಂಗ ಬಡೀತೇನಿ. ಈ ಸಲ ಸಣ್ಣ ಮೀನು ನಿಮಗ ಬಿಡ್ತೇನಿ."

"ಹೂನ್ರಿ" ಎಂದೆ.

ಕೆರೆಗೆ ಬೆನ್ನು ಮಾಡಿ ನಿಂತೆ. ಕೋಲು ಒಂದೊಂದೇ ಸಲ ಬಡಿದಾಗ ಒಂದೊಂದು ಮನೆ ಹೇಳುತ್ತ ಹೋದೆ. ನಡುವೆ ಒಮ್ಮೆ ಜೋಡಿ ಬಡಿತ ಕೇಳಿತು.

"ನಮ್ಮವ್ವಗ" ಎಂದೆ.

ನನಗೆ ಕೇಳಿಸಲಿಲ್ಲ ಅಂದುಕೊಂಡನೇನೋ. ಕೊನೆಯ ಪಾಲಿಗೆ ಜೋಡಿ ಬಡಿತ ಇನ್ನೂ ಜೋರಾಗಿ ಬಂತು.

"ಇದೂ ನಮ್ಮವ್ವಗ."

ಉಳಿದ ಒಂಬತ್ತು ಮನೆಗೆ ಒಂದೊಂದು, ನಮಗೆ ಎರಡು, ಯಜಮಾನನಿಗೆ ಒಂದೂ ಇಲ್ಲ. ತಿರುಗಿ ನೋಡಿದೆ. ಅವನ ಮುಖ ನೋಡಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹೆಣ್ಣುಮಕ್ಕಳಿಗೆ ಪಾಲಿಲ್ಲ, ಇದು ನಡೆಯುವುದಿಲ್ಲ ಎಂದು ಅವನು ಕೂಗಾಡಿದ. ತಂಡದಲ್ಲಿ ಎಲ್ಲರಿಗಿಂತ ಹಿರಿಯನಾಗಿದ್ದ ಅಜ್ಜ ಬಲೆ ಕೊಡವುತ್ತಲೇ ಹೇಳಿದ: "ಬಾಯಾಗ ಬಂದ ಹೆಸರು ವಾಪಸ್ ಹೋಗಂಗಿಲ್ಲ ಅಂದವ್ರು ನೀವಽ ಅಲ್ರಿ? ಹೋದ ವರ್ಷ ನಿಮಗ ಎರಡು ಬಂದಾಗ ನಾವು ಸುಮ್ಮನಿದ್ವಿ."

ಅವ್ವನ ಮನಸ್ಸು ಮೆತ್ತಗಾಯಿತು. "ಒಂದು ಕೊಟ್ಟುಬಿಡೂಣು, ನಮಗ ಒಂದಽ ಸಾಕು" ಎಂದು ನನ್ನ ಸೆರಗು ಜಗ್ಗಿದಳು.

"ಬ್ಯಾಡ" ಎಂದೆ. ಯಜಮಾನನ ಕಡೆ ತಿರುಗಿ ಹೇಳಿದೆ: "ಏರಿ ಮ್ಯಾಲ ಸಣ್ಣ ಮೀನು ಅದಾವ್ರಿ. ಆರಿಸ್ಕೊಳ್ರಿ. ನಾವೇನು ತುಳಿಯಂಗಿಲ್ಲ."

ಅವನು ಬರಲಿಲ್ಲ. ಬಿಸಿಲು ಇಳಿದ ಮೇಲೆ ಅವನ ಹೆಂಡತಿ ಬುಟ್ಟಿ ಹಿಡಿದು ಬಂದಳು. ತಲೆ ಎತ್ತದೆ, ಒಂದೊಂದೇ ಆರಿಸಿದಳು. ಅವಳದೇನೂ ತಪ್ಪಿರಲಿಲ್ಲ, ನನಗೆ ಗೊತ್ತು. ನನ್ನ ಕಾಲ ಬಳಿಯೇ ಒಂದು ಹಿಡಿ ಮೀನು ಬಿದ್ದಿತ್ತು. ಎತ್ತಿಕೊಡಲು ನಾನು ಬಗ್ಗಲಿಲ್ಲ. ಇವತ್ತಿಗೂ ಬಗ್ಗುವುದಿಲ್ಲ.