ಬರ್ತೀನಿ ಅಂದಮೇಲೆ

ಯಾರನ್ನಾದರೂ ‘ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದವರು’ ಎಂದು ಹೊಗಳಿದರೆ ನನಗೆ ಗೌರವಕ್ಕಿಂತ ಮುಂಚೆ ಗುಮಾನಿ ಹುಟ್ಟುತ್ತದೆ. ಏನನ್ನು ಎಣಿಸಿದರು ಸ್ವಾಮಿ, ಎಂದು ಕೇಳಬೇಕೆನಿಸುತ್ತದೆ. ಈ ಚಟ ಹತ್ತಿದ್ದು ಎಪ್ಪತ್ತರ ದಶಕದಲ್ಲಿ, ಹಿರಿಯೂರು ಸೀಮೆಯ ಒಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದಾಗ.

ಹೊಸ ಸೂಪರ್‌ವೈಸರ್ ಸಾಹೇಬರು ಬಂದ ವಾರವೇ ಫರ್ಮಾನು ಹೊರಡಿಸಿದರು. ಹೆಚ್ಚು ಕಾಲ್ ಮುಗಿಸಿದವರಿಗೆ ಶಹಭಾಸ್, ಕಡಿಮೆ ಮುಗಿಸಿದವರಿಗೆ ವರ್ಗ. ನಾನು ಮಧ್ಯದಲ್ಲಿದ್ದೆ, ಯಾರೂ ಹೊಗಳದ, ಯಾರೂ ಓಡಿಸದ ಸುಖದ ಜಾಗ. ಕೊನೆಯಲ್ಲಿದ್ದವರು ಪಕ್ಕದ ಬೋರ್ಡಿನ ಶಾರದಮ್ಮ. ಹರಿಯಬ್ಬೆ ಹಳ್ಳಿಯ ಕುರಿಗಾಹಿಗಳು ಮೊದಲ ಸಲ ಫೋನು ಹಿಡಿದು ಸುಮ್ಮನೆ ಉಸಿರಾಡುತ್ತಿದ್ದರೆ ಆಕೆ ಅದಕ್ಕೂ ಕಾಯುತ್ತಿದ್ದರು. ಗಂಡ ಊರಿನ ಶಾಲೆಯ ಮೇಷ್ಟ್ರು. ವರ್ಗವಾದರೆ ಸಂಸಾರ ಎರಡೂರಾಗುತ್ತಿತ್ತು.

ಮೊದಲನೆಯವನು ರಂಗಸ್ವಾಮಿ. ನನಗೆ ಅನುಮಾನ, ಅವನ ಕೈಯನ್ನೇ ನೋಡುತ್ತಾ ಕೂತೆ. ಗುಟ್ಟು ಸಿಕ್ಕಿತು. ನಮ್ಮಲ್ಲಿ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವನು ಎರಡೂ ಕಡೆಯವರನ್ನು ಜೋಡಿಸಿದ್ದ ವಯರು ಕೀಳುತ್ತಿದ್ದ. ಕಾಲ್ ಮುಗಿಯಿತು! ಆದರೆ ನಮ್ಮವರು ಬಂದ ಕೆಲಸ ಹೇಳುವುದೇ ‘ಬರ್ತೀನಿ’ ಎಂದು ಎದ್ದು ಬಾಗಿಲಲ್ಲಿ ನಿಂತ ಮೇಲಲ್ಲವೇ? ನಮ್ಮ ಚಿಕ್ಕಪ್ಪನಂತೂ ಸೈಕಲ್ ಹತ್ತಿದ ಮೇಲೆ ಶುರುಮಾಡುತ್ತಿದ್ದರು. ಅದೂ ಅಲ್ಲದೆ ಕನ್ನಡದಲ್ಲಿ ಹೌದೋ ಅಲ್ಲವೋ ಎಂಬುದು ಇರುವುದು ವಾಕ್ಯದ ಬಾಲದಲ್ಲಿ.

ಒಂದು ದಿನ ಸಾಹೇಬರೇ ರಂಗಸ್ವಾಮಿಯ ಕೈಯಲ್ಲಿ ಹೊಸದುರ್ಗದ ಮನೆಗೆ ಕಾಲ್ ಹಾಕಿಸಿದರು. ಮಗಳನ್ನು ನೋಡಲು ಬರುವವರ ವಿಷಯ. “ಗಂಡಿನೋರು ಭಾನುವಾರ ಬರ್ತೀವಿ...” ಎಂದಿತು ಹೆಂಡತಿಯ ದನಿ, ವಯರು ಹೊರಬಂತು. ಸಾಹೇಬರು ನಮಗೆಲ್ಲ ಟೀ ಕುಡಿಸಿ, ಮೈಸೂರುಪಾಕು ಕಟ್ಟಿಸಿಕೊಂಡು, ನೆಂಟರನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಸೋಮವಾರ ಅವರ ಮುಖ ಸಪ್ಪಗಿತ್ತು. ಹೆಂಡತಿಯ ಪೂರ್ತಿ ಮಾತು, “ಬರ್ತೀವಿ ಅಂದಿದ್ರು, ಈಗ ಬ್ಯಾಡ ಅಂತಾರೆ” ಎಂದಿತ್ತಂತೆ. ನೆಂಟರೆದುರು ಮಾನ ಹೋಗಿತ್ತು. ನನಗೂ ಪಾಪ ಎನಿಸಿತು.

ಸಾಹೇಬರು ಯಾರನ್ನೂ ಬೈಯಲಿಲ್ಲ. ಮನೆಗೆ ಮತ್ತೆ ಕಾಲ್ ಹಾಕಲು ಶಾರದಮ್ಮನಿಗೇ ಹೇಳಿದರು. ಮಾತು ಮುಗಿಸಿ ಫೋನಿಟ್ಟು, “ಬರ್ತೀನಮ್ಮ” ಎಂದು ಶಾರದಮ್ಮನಿಗೆ ಹೇಳಿ ಹೊರಟರು. ನಾವೆಲ್ಲ ತಲೆ ತಗ್ಗಿಸಿ ಕೆಲಸಕ್ಕೆ ತೊಡಗಿದೆವು. ಶಾರದಮ್ಮ ಮಾತ್ರ ಎಂದಿನಂತೆ ಕಾದರು. ಹೊಸ್ತಿಲಲ್ಲಿ ಸಾಹೇಬರು ತಿರುಗಿದರು.

“ನಿಮ್ ವರ್ಗದ ಮಾತು ಬಿಟ್ಟೀನಿ. ಇಲ್ಲೇ ಇರ್ರಿ.”

ಶಾರದಮ್ಮ ಕಣ್ಣೊರೆಸಿಕೊಂಡರು. ನನಗೂ ಖುಷಿಯಾಯಿತು, ಮುಂದಿನ ವಾರದವರೆಗೆ. ಯಾರು ಹೆಚ್ಚು ಹೊತ್ತು ಕಾಯುತ್ತಾರೆಂದು ಸಾಹೇಬರು ಎಣಿಸತೊಡಗಿದರು. ಅದರಲ್ಲೂ ರಂಗಸ್ವಾಮಿಯೇ ಮೊದಲು. ಮಾತಾಡಿದವರು ಫೋನಿಟ್ಟು ಮನೆ ಸೇರಿದರೂ ಅವನೀಗ ವಯರು ಕೀಳುತ್ತಿರಲಿಲ್ಲ.