ಅಕ್ಕ ಯಾರು?

ಅಮ್ಮನೂ ಅಮ್ಮನ ಈ ಒಡಹುಟ್ಟಿದವಳೂ ಅವಳಿಗಳು. ಯಾರು ಮೊದಲು ಹುಟ್ಟಿದ್ದೆಂದು ಅಜ್ಜಿ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಹಾಗಾಗಿ ಅಮ್ಮನೆದುರು ಅವಳು ನನಗೆ ಚಿಕ್ಕಮ್ಮ, ಅವಳೆದುರು ದೊಡ್ಡಮ್ಮ. ಬಾಯಿ ತಪ್ಪಿದರೆ ಕಿವಿ ಹಿಂಡುತ್ತಿದ್ದಳು.

ಅವಳೂ ನಾನೂ ದುಡಿಯುವುದು ಉಪಗ್ರಹ ಕಟ್ಟುವ ಕಡೆ. ಅಲ್ಲಿ ಅವಳು ಕನ್ನಡಿ ಮೇಡಂ. ಒಂದು ಉಪಗ್ರಹದಿಂದ ಇನ್ನೊಂದಕ್ಕೆ ಲೇಸರ್ ಬೆಳಕಿನಲ್ಲಿ ಮಾತು ಹೋಗುತ್ತದಲ್ಲ, ಆ ಬೆಳಕನ್ನು ತಿರುಗಿಸುವ ಅಂಗೈಯಗಲದ ಕನ್ನಡಿಯನ್ನು ಕೂರಿಸುವುದು ಅವಳ ಕೆಲಸ. ಕೂರಿಸುವಾಗ ಉಸಿರೂ ಬಿಡುವುದಿಲ್ಲ. ಆಮೇಲೆ ಬಾಯಿಗೆ ಬಿಡುವೇ ಇಲ್ಲ.

ಈ ಸಲದ ಜೋಡಿ ಉಪಗ್ರಹಗಳಿಗೆ ಹೆಸರಿಟ್ಟವಳೂ ಅವಳೇ: ಅಕ್ಕ, ತಂಗಿ. ಮೋಡ ಯಾವುದು, ಕಾಡಿನ ಬೆಂಕಿಯ ಹೊಗೆ ಯಾವುದು ಎಂದು ಎರಡೂ ತಾವು ತೆಗೆದ ಚಿತ್ರ ನೋಡಿ ಕಲಿಯಬೇಕು. ಚಿತ್ರಗಳ ಮೂಟೆಯನ್ನೇ ಕಳಿಸುವುದಿಲ್ಲ, ಕಲಿತದ್ದರ ಸಾರವನ್ನಷ್ಟೇ ಒಂದಕ್ಕೊಂದು ಹೇಳಿಕೊಳ್ಳುತ್ತವೆ. ಅದಕ್ಕೆ ಮೊದಲು ಒಂದನ್ನೊಂದು ಕಾಣಬೇಕು. ಅಕ್ಕ ಬೆಳಕು ಬೀಸಿ ಹುಡುಕಬೇಕು, ತಂಗಿ ಅಲುಗಾಡದೆ ಕಾಯಬೇಕು.

ಎರಡೂ ಕಕ್ಷೆ ಸೇರಿದ್ದವು. ಆದರೆ ಬೆಳಗಿನಿಂದ ಹುಡುಕಿದ್ದೇ ಬಂತು, ಬೆಳಕು ಸಿಗಲಿಲ್ಲ. ಎಲ್ಲರಿಗೂ ಕನ್ನಡಿಯ ಮೇಲೇ ಅನುಮಾನ. ಮೇಲೆ ಹೋದದ್ದನ್ನು ಇಳಿಸಿ ಸರಿಮಾಡುವಂತಿಲ್ಲ. ಕನ್ನಡಿ ವಾಲಿದ್ದರೆ ವರ್ಷಗಳ ದುಡಿಮೆ ನೀರುಪಾಲು. ಅವಳ ಮುಖ ಬಾಡಿತ್ತು. ನನಗೆ ನೋಡಲಾಗಲಿಲ್ಲ.

ಅಷ್ಟರಲ್ಲಿ ನನ್ನ ಫೋನಿಗೆ ಅಮ್ಮ. "ಅವಳಿಗೆ ಕೊಡೋ. ಎಷ್ಟೊತ್ತಿಂದ ಮಾಡ್ತಿದೀನಿ, ಬರೀ ಎಂಗೇಜು!"

"ಇನ್ನೇನಾಗುತ್ತೆ? ನಾನೂ ನಿಂಗೇ ಮಾಡ್ತಿದ್ದೆ!" ಎಂದು ಫೋನು ಕಿವಿಗಿಟ್ಟು ರೇಗಿದವಳು ತಟ್ಟನೆ ಎದ್ದಳು. ಫೋನನ್ನು ನನ್ನ ಕೈಗಿಟ್ಟು, ಒಂದೊಂದು ಉಪಗ್ರಹ ನೋಡಿಕೊಳ್ಳುವ ಎರಡು ತಂಡಗಳ ಮೇಜುಗಳ ನಡುವೆ ಹೋಗಿ ನಿಂತಳು.

"ಈಗ ಹುಡುಕ್ತಿರೋದು ಯಾರು?"

"ನಾವು," ಎಂದರು ಎಡಗಡೆಯವರು. "ನಮ್ದು ತಾನೇ ಅಕ್ಕ? ಮೊದಲು ಕಟ್ಟಿದ್ದು."

"ಎಲ್ಲಿಯ ಅಕ್ಕ? ಮೊದಲು ಹಾರಿದ್ದು ನಮ್ದು! ನಾವೂ ಹುಡುಕ್ತಾನೇ ಇದೀವಿ," ಎಂದರು ಬಲಗಡೆಯವರು.

ಎರಡೂ ಅಕ್ಕಂದಿರೇ! ಹೆಸರಿಟ್ಟವಳು ಯಾವುದು ಅಕ್ಕ ಎಂದು ಹೇಳಿರಲೇ ಇಲ್ಲ, ಹಾಗಾಗಿ ಕಾಯುವವರೇ ಇರಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಲಗಡೆಯದನ್ನು ತಂಗಿ ಮಾಡಿ ಸುಮ್ಮನಿರಿಸಿದ್ದೇ ತಡ, ಬೆಳಕು ಸಿಕ್ಕಿತು. ಅದುವರೆಗೆ ಹೊಗೆಯನ್ನೇ ಕಾಣದಿದ್ದ ತಂಗಿ, ಅಕ್ಕ ಕಳಿಸಿದ ಸಾರದ ಬಲದಿಂದ ಸಂಜೆ ತನ್ನ ಮೊದಲ ಹೊಗೆಯನ್ನು ಹೊಗೆಯೆಂದೇ ಗುರುತಿಸಿತು. ಖುಷಿಗೆ ನಾನಂತೂ ಕುಣಿದುಬಿಟ್ಟೆ.

ಅವಳು ತನ್ನ ಫೋನನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕೂತಳು. "ನಿಮ್ಮಮ್ಮಂಗೆ ಹೇಳು, ಇನ್ಮೇಲೆ ಅವಳೇ ಮಾಡ್ಲಿ. ನಾನು ಕಾಯ್ತೀನಿ."

"ಹೇಳ್ತೀನಿ, ದೊಡ್ಡಮ್ಮ."

ಕಿವಿ ಹಿಂಡಿದಳು. "ಚಿಕ್ಕಮ್ಮ ಅನ್ನೋ!"